ತಲೆ ಎಣಿಕೆ ಬೇರೆ, ತೂಕದ ಲೆಕ್ಕ ಬೇರೆ



ಪ್ರಜಾಪ್ರಭುತ್ವ ಅಂದರೆ ತಲೆ ಎಣಿಕೆ ಅಂತ ನಮಗೆಲ್ಲ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಹೆಚ್ಚು ಜನ ಎತ್ತ ಕಡೆಗೋ ಸರ್ಕಾರವೂ ಅತ್ತ ಕಡೆಗೆ. ಈ ಮಾತು ಪೂರ್ತಿ ನಿಜವಾಗಿದ್ದರೆ ನಮ್ಮ ದೇಶದಲ್ಲಿ ಬೇಸಾಯಗಾರನ ಮಾತಿಗೆ ಎದುರು ಮಾತೇ ಇರಬಾರದಿತ್ತು. 2011ರ ಜನಗಣತಿ ನೋಡಿ. ಸ್ವಂತ ಬೇಸಾಯ ಮಾಡುವವರು ಸುಮಾರು 11 ಕೋಟಿ 88 ಲಕ್ಷ. ಹೊಲದ ಕೂಲಿ ನಂಬಿದವರು ಸುಮಾರು 14 ಕೋಟಿ 43 ಲಕ್ಷ. ಇಬ್ಬರನ್ನೂ ಕೂಡಿಸಿದರೆ ದೇಶದ ದುಡಿಯುವ ಕೈಗಳಲ್ಲಿ ನೂರಕ್ಕೆ 54ಕ್ಕೂ ಹೆಚ್ಚು. ಯಾವ ಪಕ್ಷಕ್ಕಾದರೂ ಇಷ್ಟು ಓಟು ಒಟ್ಟಿಗೆ ಸಿಕ್ಕರೆ ಅದನ್ನು ಅಲ್ಲಾಡಿಸುವವರೇ ಇರೋದಿಲ್ಲ.

ಆದರೆ ಕೈಗೆ ಬಂದದ್ದೇನು? ಶ್ರೀಮಂತ ರಾಷ್ಟ್ರಗಳ ಕೂಟವಾದ ಓಇಸಿಡಿ ಮತ್ತು ದೆಹಲಿಯ ಇಕ್ರಿಯರ್ ಸಂಸ್ಥೆ ಸೇರಿ 2018ರಲ್ಲಿ ಒಂದು ವರದಿ ಕೊಟ್ಟವು. 2000-01ರಿಂದ 2016-17ರವರೆಗೆ ಸರ್ಕಾರದ ಧೋರಣೆಗಳಿಂದ ಭಾರತದ ರೈತನಿಗೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಲೆಕ್ಕ ಹಾಕಿದರು. ಗೊಬ್ಬರ, ಕರೆಂಟು, ನೀರು ಅಂತ ಕೊಟ್ಟ ಸಬ್ಸಿಡಿಯನ್ನೆಲ್ಲ ಒಂದು ತಟ್ಟೆಗೆ ಹಾಕಿದರು. ರಫ್ತು ನಿಷೇಧ, ದಾಸ್ತಾನು ಮಿತಿ, ಮಾರುಕಟ್ಟೆ ಕಟ್ಟುಪಾಡುಗಳಿಂದ ಹೊರಗಿನ ಬೆಲೆಗಿಂತ ಕೆಳಗೆ ತುಳಿದಿಟ್ಟ ಬೆಲೆಯನ್ನು ಇನ್ನೊಂದು ತಟ್ಟೆಗೆ ಹಾಕಿದರು. ಕೊನೆಗೆ ಉಳಿದದ್ದು ರೈತನ ಒಟ್ಟು ಹುಟ್ಟುವಳಿಯಲ್ಲಿ ಸರಾಸರಿ ನೂರಕ್ಕೆ 14ರಷ್ಟು ನಷ್ಟ. ಒಂದು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ಕಿತ್ತುಕೊಂಡ ಹಾಗೆ. 2019ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ಮಾದರಿ ಸಮೀಕ್ಷೆಯಲ್ಲಿ ಕೃಷಿ ಕುಟುಂಬಗಳ ಅರ್ಧ ಭಾಗ ಸಾಲದಲ್ಲಿತ್ತು, ಕುಟುಂಬಕ್ಕೆ ಸರಾಸರಿ ಸಾಲ 74,121 ರೂಪಾಯಿ. ಬಹುಮತ ನಮ್ಮದು, ನಷ್ಟವೂ ನಮ್ಮದೇ. ಇದು ಹೇಗೆ?

"ದುಡ್ಡಿದ್ದವರ ಮಾತು ನಡೀತದೆ ಬಿಡಿ" ಅಂತ ಅರಳಿಕಟ್ಟೆಯಲ್ಲಿ ಕೂತವರೆಲ್ಲ ಹೇಳುತ್ತಾರೆ. ಹೇಳೋದು ಸುಲಭ, ರುಜುವಾತು ಮಾಡೋದು ಕಷ್ಟ. ರುಜುವಾತಿಲ್ಲದ ಮಾತನ್ನು ಅಧಿಕಾರಿಗಳು ನಕ್ಕು ತಳ್ಳಿಹಾಕುತ್ತಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಒಂದು ಬೇರೆ ವಿಷಯ ಎತ್ತಿಕೊಂಡಿದ್ದೇವೆ. ಸರ್ಕಾರದ ತೀರ್ಮಾನದ ಮೇಲೆ ಯಾರ ತೂಕ ಎಷ್ಟು ಅಂತ ಅಂಕಿಸಂಖ್ಯೆಯಲ್ಲೇ ಅಳೆದು ನೋಡಿದವರಿದ್ದಾರೆ. ಅವರು ಅಳೆದದ್ದು ಅಮೆರಿಕದಲ್ಲಿ. ಅವರ ತಕ್ಕಡಿ ಹೇಗಿತ್ತು, ಅದರಲ್ಲಿ ಏನು ಕಂಡಿತು, ಅದರ ಮುಳ್ಳು ಎಲ್ಲಿ ಹೊಯ್ದಾಡುತ್ತದೆ ಅನ್ನೋದನ್ನು ನಾವೂ ತಿಳಿದಿರಬೇಕು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಲೆನ್ಸ್, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬೆಂಜಮಿನ್ ಪೇಜ್ ಎಂಬ ಇಬ್ಬರು ಪ್ರಾಧ್ಯಾಪಕರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಯುತ್ತಲೇ ಇರುತ್ತದೆ. ಇಂಥ ತೆರಿಗೆ ಇಳಿಸಬೇಕೋ ಬೇಡವೋ, ಇಂಥ ಕಾನೂನು ತರಬೇಕೋ ಬೇಡವೋ ಅಂತ ಜನರನ್ನು ಕೇಳುತ್ತಾರೆ. 1981ರಿಂದ 2002ರವರೆಗೆ ಹೀಗೆ ಕೇಳಿದ ಪ್ರಶ್ನೆಗಳಲ್ಲಿ 1,779 ಪ್ರಶ್ನೆಗಳನ್ನು ಆರಿಸಿಕೊಂಡರು. ಒಂದೊಂದು ಪ್ರಶ್ನೆಗೂ ಮೂರು ಕಡೆಯವರ ಮನಸ್ಸು ಏನಿತ್ತು ಅಂತ ಬರೆದುಕೊಂಡರು. ಮೊದಲನೆಯದು ನಡು ಆದಾಯದ ಸಾಮಾನ್ಯ ಪ್ರಜೆ. ಎರಡನೆಯದು ನೂರು ಜನರನ್ನು ಆದಾಯದ ಸಾಲಿನಲ್ಲಿ ನಿಲ್ಲಿಸಿದರೆ ಮೇಲಿನ ಹತ್ತರ ಅಂಚಿನಲ್ಲಿ ನಿಲ್ಲುವ ಉಳ್ಳವನು. ಮೂರನೆಯದು ಸಂಘಟಿತ ಹಿತಾಸಕ್ತಿ ಗುಂಪುಗಳು, ಅಂದರೆ ಸರ್ಕಾರದ ಬಾಗಿಲು ಕಾಯುವುದನ್ನೇ ಕಸುಬು ಮಾಡಿಕೊಂಡ ಸಂಘಗಳು. ಆಮೇಲೆ, ಪ್ರಶ್ನೆ ಕೇಳಿದ ನಾಲ್ಕು ವರ್ಷದೊಳಗೆ ಆ ಬದಲಾವಣೆ ಜಾರಿಗೆ ಬಂತೋ ಇಲ್ಲವೋ ಅಂತ ಒಂದೊಂದಾಗಿ ಹುಡುಕಿದರು. ಬಂದಿದ್ದರೆ ಒಂದು, ಬರದಿದ್ದರೆ ಸೊನ್ನೆ.

ಗುಂಪುಗಳ ತೂಕ ಹೇಗೆ ಹಿಡಿದರು? ವಾಷಿಂಗ್ಟನ್‌ನಲ್ಲಿ ಅತ್ಯಂತ ಪ್ರಭಾವಿ ಗುಂಪುಗಳು ಯಾವುವು ಅಂತ ಫಾರ್ಚೂನ್ ಪತ್ರಿಕೆ ಪಟ್ಟಿ ಮಾಡಿತ್ತು. ಅದಕ್ಕೆ ಲಾಬಿಗೆ ಅತಿ ಹೆಚ್ಚು ಖರ್ಚು ಮಾಡುವ ಹತ್ತು ಉದ್ಯಮಗಳನ್ನು ಸೇರಿಸಿ ಒಟ್ಟು 43 ಗುಂಪುಗಳನ್ನು ಹಿಡಿದರು. ಅದರಲ್ಲಿ ವಾಣಿಜ್ಯ ಸಂಘಗಳಿವೆ, ಕಾರ್ಮಿಕ ಸಂಘಗಳಿವೆ, ವೃದ್ಧರ ಸಂಘವಿದೆ, ಬಂದೂಕು ಇಟ್ಟುಕೊಳ್ಳುವವರ ಸಂಘವಿದೆ. ಪ್ರತಿ ಪ್ರಶ್ನೆಗೂ ಯಾವ ಗುಂಪು ಪರ, ಯಾವುದು ವಿರೋಧ ಅಂತ ನೋಡಿದರು. ಗಟ್ಟಿಯಾಗಿ ನಿಂತ ಗುಂಪಿಗೆ ಪೂರ್ತಿ ಒಂದು ಅಂಕ, ಸುಮ್ಮನೆ ತಲೆದೂಗಿದ ಗುಂಪಿಗೆ ಅರ್ಧ. ಇನ್ನೊಂದು ಸೂಕ್ಷ್ಮವೂ ಇತ್ತು. ಒಂದು ಗುಂಪಿನ ಜೊತೆ ಎರಡನೆಯದು ಸೇರಿದಾಗ ಬರುವ ಬಲ, ಹತ್ತು ಗುಂಪಿನ ಜೊತೆ ಹನ್ನೊಂದನೆಯದು ಸೇರಿದಾಗ ಬರೋದಿಲ್ಲ. ಅದಕ್ಕೆ ತಕ್ಕಂತೆ ಲೆಕ್ಕವನ್ನು ತಗ್ಗಿಸಿದರು. ಕಡೆಗೆ ಪರದವರಿಂದ ವಿರೋಧದವರನ್ನು ಕಳೆದರು.

ಇಷ್ಟು ಅಂಕಿ ಕೈಯಲ್ಲಿದ್ದರೂ ಕೆಲಸ ಮುಗಿಯಲಿಲ್ಲ. ಇಲ್ಲೇ ಅಸಲು ಕಷ್ಟ ಇರೋದು, ಸ್ವಲ್ಪ ನಿಧಾನವಾಗಿ ನೋಡಿ. ನೊಗಕ್ಕೆ ಕಟ್ಟಿದ ಜೋಡೆತ್ತು ನೆಟ್ಟಗೆ ಸಾಲು ಹಿಡಿದು ಹೋಗುತ್ತಿರುವಾಗ ನೇಗಿಲನ್ನು ಎಳೆಯುತ್ತಿರೋದು ಎಡಗೋಲಿನ ಎತ್ತೋ ಬಲಗೋಲಿನದೋ ಅಂತ ಹೇಗೆ ಹೇಳುತ್ತೀರಿ? ಎರಡೂ ಒಂದೇ ದಿಕ್ಕಿಗೆ ನಡೆಯುತ್ತಿವೆ, ನೇಗಿಲೂ ಮುಂದೆ ಹೋಗುತ್ತಿದೆ. ಒಂದು ಎತ್ತು ಬರೀ ನೊಗಕ್ಕೆ ಕುತ್ತಿಗೆ ಕೊಟ್ಟು ನಡೆಯುತ್ತಿದ್ದರೂ ದೂರದಿಂದ ನೋಡಿದವನಿಗೆ ಅದೂ ಎಳೆಯುತ್ತಿದೆ ಅಂತಲೇ ಕಾಣುತ್ತದೆ. ಗೊತ್ತಾಗೋದು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಿದ ದಿನ. ಅವತ್ತು ನೇಗಿಲು ಯಾವುದರ ಹಿಂದೆ ಹೋಯಿತೋ ಅದರ ಮೈಯಲ್ಲಿ ಕಸುವು ಇದೆ ಅಂತ ಅರ್ಥ.

ಅಮೆರಿಕದ ಸಾಮಾನ್ಯ ಪ್ರಜೆ ಮತ್ತು ಉಳ್ಳವನು ಈ ಜೋಡೆತ್ತಿನ ಹಾಗೆ. ಹೆಚ್ಚಿನ ವಿಷಯಗಳಲ್ಲಿ ಇಬ್ಬರೂ ಒಂದೇ ಕಡೆ. ಇಬ್ಬರ ಅಭಿಪ್ರಾಯ ಜೊತೆಜೊತೆಗೆ ಸಾಗುವ ಪ್ರಮಾಣವನ್ನು ಒಂದಕ್ಕೆ 0.78 ಅಂತ ಅಳೆದರು. ಹಾಗಾಗಿ ಸಾಮಾನ್ಯರ ಇಷ್ಟವನ್ನು ಒಂಟಿಯಾಗಿ ಸರ್ಕಾರದ ತೀರ್ಮಾನದ ಜೊತೆ ಹೋಲಿಸಿದರೆ ಜನರ ಮಾತು ಚೆನ್ನಾಗಿಯೇ ನಡೆಯುತ್ತಿದೆ ಅಂತ ಕಾಣುತ್ತದೆ. ಹಿಂದಿನ ಎಷ್ಟೋ ಅಧ್ಯಯನಗಳು ಇಷ್ಟಕ್ಕೇ ನಿಂತು ಎಲ್ಲ ಸರಿಯಾಗಿದೆ ಅಂತ ಹೇಳಿದ್ದವು. ಗಿಲೆನ್ಸ್ ಮತ್ತು ಪೇಜ್ ಮೂವರನ್ನೂ ಒಂದೇ ಲೆಕ್ಕದೊಳಗೆ ಕೂಡಿಸಿದರು. ಇಬ್ಬರ ಮನಸ್ಸನ್ನು ಕದಲದಂತೆ ಹಿಡಿದು ಮೂರನೆಯವನ ಮನಸ್ಸು ಬದಲಾದಾಗ ತೀರ್ಮಾನ ಬದಲಾಗುತ್ತದೆಯೇ ಅಂತ ನೋಡಿದರು. ಅಂಕಿಅಂಶ ಶಾಸ್ತ್ರದಲ್ಲಿ ಮಾದರಿ ಕಟ್ಟೋದು ಅಂದರೆ ಇದೇ, ಇನ್ನೇನೂ ಮಾಯಾಮಂತ್ರ ಅಲ್ಲ.

ಬಂದ ಉತ್ತರ ಕೇಳಿ. ಉಳ್ಳವರ ತೂಕ 0.76. ಸಂಘಟಿತ ಗುಂಪುಗಳ ತೂಕ 0.56. ಸಾಮಾನ್ಯ ಪ್ರಜೆಯ ತೂಕ 0.03, ಅಂದರೆ ಸೊನ್ನೆಗೂ ಅದಕ್ಕೂ ವ್ಯತ್ಯಾಸವಿದೆ ಅಂತ ಹೇಳಲಾರದಷ್ಟು. ಉಳ್ಳವರಲ್ಲಿ ಐವರಿಗೆ ಒಬ್ಬನಷ್ಟೇ ಬೇಕು ಅಂದ ಬದಲಾವಣೆ ಜಾರಿಗೆ ಬರುವ ಸಂಭವ ನೂರಕ್ಕೆ ಸುಮಾರು 18. ಐವರಲ್ಲಿ ನಾಲ್ವರು ಬೇಕು ಅಂದರೆ ಅದು 45ಕ್ಕೆ ಏರುತ್ತದೆ. ಸಾಮಾನ್ಯರ ಸಾಲಿನಲ್ಲಿ ಮಾತ್ರ ಕಡಿಮೆ ಜನ ಬೇಕು ಅಂದರೂ ಹೆಚ್ಚು ಜನ ಬೇಕು ಅಂದರೂ ಗೆರೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಮಲಗಿತ್ತು.

ಸಂಘಟಿತ ಗುಂಪುಗಳು ಅಂದರೆ ಅಲ್ಲಿ ಜನರ ಸಂಘಗಳೂ ಇವೆಯಲ್ಲ, ಅವು ಸಾಮಾನ್ಯರ ಪರ ಜಗ್ಗೋದಿಲ್ಲವೇ ಅಂತ ನೀವು ಕೇಳಬಹುದು. ಅದನ್ನೂ ನೋಡಿದ್ದಾರೆ. ಸದಸ್ಯಬಲದ ಸಂಘಗಳ ನಿಲುವು ಸಾಮಾನ್ಯರ ಇಷ್ಟದ ಜೊತೆ ಕೂಡುವ ಪ್ರಮಾಣ 0.12, ಅಂದರೆ ತೀರಾ ಸ್ವಲ್ಪ. ವ್ಯಾಪಾರ ಉದ್ಯಮಗಳ ಗುಂಪುಗಳದ್ದು ಸೊನ್ನೆಗಿಂತ ಕೆಳಗೆ 0.10, ಅಂದರೆ ತುಸು ಉಲ್ಟಾ ದಿಕ್ಕು. ಎರಡೂ ಸೇರಿದಾಗ ಒಂದನ್ನೊಂದು ಹೊಡೆದುಹಾಕಿ ಬಹುತೇಕ ಸೊನ್ನೆ. ಗುಂಪುಗಳಿವೆ ಅಂದಮಾತ್ರಕ್ಕೆ ಜನರ ಪರ ಯಾರೋ ಮಾತಾಡುತ್ತಿದ್ದಾರೆ ಅಂತ ನಂಬಿ ಕೂರೋದಕ್ಕಾಗದು.

ಈಗ ಒಂದು ಎಚ್ಚರಿಕೆ. ಈ ಲೆಕ್ಕ ಬಂದಾಗ ಜಗತ್ತಿನ ಪತ್ರಿಕೆಗಳು "ಅಮೆರಿಕದಲ್ಲಿ ಪ್ರಜಾಪ್ರಭುತ್ವ ಸತ್ತಿದೆ" ಅನ್ನೋ ಧಾಟಿಯಲ್ಲಿ ಬರೆದವು. ನಮಗೆ ಹಿತವಾಗುವ ಮಾತು ಅಂತ ನಾವೂ ಕಣ್ಣು ಮುಚ್ಚಿ ಒಪ್ಪಬಾರದು. ಮಂಡಿಯವನ ತಕ್ಕಡಿಯನ್ನು ಪರೀಕ್ಷೆ ಮಾಡುವವರು ನಮ್ಮ ಪರ ತೂಗಿದ ತಕ್ಕಡಿಯನ್ನೂ ಪರೀಕ್ಷೆ ಮಾಡಬೇಕು. ಬ್ರ್ಯಾನಮ್, ಸೊರೋಕಾ, ವ್ಲೆಜಿಯನ್ ಎಂಬ ಮೂವರು ಅದೇ 1,779 ಪ್ರಶ್ನೆಗಳನ್ನು ಮತ್ತೆ ಕೆದಕಿ 2017ರಲ್ಲಿ ಬರೆದರು. ಉಳ್ಳವರ ಬಹುಮತವೂ ನಡುವಿನವರ ಬಹುಮತವೂ ಬೇರೆಬೇರೆ ಕಡೆ ನಿಂತದ್ದು ಕೇವಲ 185 ವಿಷಯಗಳಲ್ಲಿ. ಆ 185ರಲ್ಲಿ ನೂರಕ್ಕೆ 53 ಸಾರಿ ಉಳ್ಳವರು ಗೆದ್ದಿದ್ದರು, 47 ಸಾರಿ ನಡುವಿನವರು. ಇದೇನು ಅಷ್ಟು ದೊಡ್ಡ ಅಂತರವೇ? ಇನ್ನೊಂದು ವಿಷಯ. ಗಿಲೆನ್ಸ್ ಮತ್ತು ಪೇಜರ ಮಾದರಿ ಒಟ್ಟು ಏರಿಳಿತದಲ್ಲಿ ವಿವರಿಸಿದ್ದು ನೂರಕ್ಕೆ 7ರ ಆಸುಪಾಸು ಮಾತ್ರ. ಉಳಿದ 93ಕ್ಕೆ ಯುದ್ಧ, ಬಜೆಟ್ಟು, ಚುನಾವಣೆ, ಮುಖಂಡರ ಹಟ, ಸಮಯ ಸಂದರ್ಭ ಹೀಗೆ ನೂರೆಂಟು ಕಾರಣ. ಆದ್ದರಿಂದ ಈ ಅಂಕಿಗಳನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸುವ ಧೂಳು ಅಂತ ತಿಳಿಯಿರಿ.

ಹಾಗಿದ್ದರೂ ಈ ಎಲ್ಲ ಅಧ್ಯಯನಗಳೂ ಒಪ್ಪುವ ಒಂದು ಮಾತಿದೆ. ನಮಗೆ ಬೇಕಾದ್ದೂ ಅದೇ. ಸರ್ಕಾರ ಸುಲಭಕ್ಕೆ ಕದಲೋದಿಲ್ಲ. ಸಾಮಾನ್ಯರಲ್ಲಿ ನೂರಕ್ಕೆ 80 ಜನ ಒಂದು ಬದಲಾವಣೆ ಬೇಕೇ ಬೇಕು ಅಂದಾಗಲೂ ಅದು ಜಾರಿಗೆ ಬಂದದ್ದು ನೂರಕ್ಕೆ 43 ಸಾರಿ, ಅದರಲ್ಲೂ ಉಳ್ಳವರ ಮನಸ್ಸು ಜೊತೆಗಿದ್ದವೂ ಸೇರಿವೆ. ಫ್ರಾಂಕ್ ಬಾಮ್‌ಗಾರ್ಟ್ನರ್ ಮತ್ತು ನಾಲ್ವರು ಸಂಗಡಿಗರು ವಾಷಿಂಗ್ಟನ್‌ನ ಲಾಬಿಗಾರರನ್ನು ಖುದ್ದಾಗಿ ಕಂಡು 98 ವಿಷಯಗಳನ್ನು ನಾಲ್ಕು ವರ್ಷ ಬೆನ್ನುಹತ್ತಿದರು. 2009ರಲ್ಲಿ ಅದು ಪುಸ್ತಕವಾಗಿ ಬಂತು. ನೂರಕ್ಕೆ ಸುಮಾರು 60 ವಿಷಯಗಳಲ್ಲಿ ನಾಲ್ಕು ವರ್ಷ ಕಳೆದರೂ ಏನೂ ಬದಲಾಗಿರಲಿಲ್ಲ. ಇನ್ನೂ ಆಶ್ಚರ್ಯವೆಂದರೆ, ಯಾವ ಪಕ್ಷದ ಕೈಯಲ್ಲಿ ಹೆಚ್ಚು ದುಡ್ಡಿತ್ತು ಅನ್ನೋದಕ್ಕೂ ಯಾರು ಗೆದ್ದರು ಅನ್ನೋದಕ್ಕೂ ಅಂಥ ಗಟ್ಟಿ ಸಂಬಂಧ ಕಾಣಲಿಲ್ಲ.

ಅಂದರೆ ದುಡ್ಡಿಗೆ ಬಲ ಇಲ್ಲ ಅಂತಲೇ? ಅಲ್ಲ. ಅವರೇ ಕೊಟ್ಟ ಕಾರಣ ನೋಡಿ. ಇವತ್ತು ಜಾರಿಯಲ್ಲಿರುವ ಕಾನೂನು, ತೆರಿಗೆ, ನಿಯಮ ಎಲ್ಲವೂ ಹಿಂದೆ ನಡೆದ ಜಗ್ಗಾಟದ ಫಲ. ಬಲವಿದ್ದವರು ತಮಗೆ ಬೇಕಾದ್ದನ್ನು ಯಾವಾಗಲೋ ಮಾಡಿಸಿಕೊಂಡು ಆಗಿದೆ. ಬದು ಒಮ್ಮೆ ಅವರ ಕಡೆಗೆ ಹಾಕಿಸಿಕೊಂಡ ಮೇಲೆ ಅವರಿಗೆ ಪ್ರತಿವರ್ಷ ಜಗಳ ಆಡುವ ಕೆಲಸ ಇಲ್ಲ, ಬದು ಅಲ್ಲೇ ಇರಲಿ ಅಂದರೆ ಸಾಕು. ಬದು ಸರಿಸಬೇಕು ಅನ್ನುವವನೇ ಸರ್ವೆಯವನನ್ನು ಕರೆಸಬೇಕು, ದಾಖಲೆ ತರಬೇಕು, ವರ್ಷಗಟ್ಟಲೆ ಅಲೆಯಬೇಕು. ತಡೆಯುವವನಿಗೆ ಒಂದು ಬಾಗಿಲು ಮುಚ್ಚಿದರೆ ಸಾಕು. ಪಡೆಯುವವನಿಗೆ ಎಲ್ಲ ಬಾಗಿಲೂ ತೆರೆಯಬೇಕು.

ಯಾರು ಈ ಬಾಗಿಲುಗಳ ಮುಂದೆ ಕಾಯೋದಕ್ಕೆ ಶಕ್ತರು? ಮ್ಯಾನ್ಸರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ 1965ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಚಿಕ್ಕ ಗುಂಪಿನಲ್ಲಿ ಒಬ್ಬೊಬ್ಬನಿಗೂ ದೊಡ್ಡ ಲಾಭ, ಆದ್ದರಿಂದ ಒಬ್ಬೊಬ್ಬನೂ ಕೈಯಿಂದ ಖರ್ಚು ಮಾಡಲು ತಯಾರು. ದೊಡ್ಡ ಗುಂಪಿನಲ್ಲಿ ತಲಾ ಸಿಗೋದು ಚೂರು, ಮೇಲಾಗಿ "ನಾನೊಬ್ಬ ಹೋಗದಿದ್ದರೆ ಏನಾಯ್ತು, ಬಂದರೆ ನನಗೂ ಬಂದೇ ಬರ್ತದಲ್ಲ" ಅನ್ನೋ ಯೋಚನೆ. ಇದಕ್ಕೆ ಅಮೆರಿಕದ ಸಕ್ಕರೆಯೇ ಸಾಕ್ಷಿ. ಹೊರಗಿನ ಸಕ್ಕರೆಗೆ ಮಿತಿ ಹಾಕಿ ಒಳಗಿನ ಬೆಲೆಯನ್ನು ಎತ್ತಿ ಹಿಡಿಯುವ ಕಾರ್ಯಕ್ರಮ ಅಲ್ಲಿದೆ. ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣೆಯವರು 2000ರಲ್ಲಿ ಕೊಟ್ಟ ವರದಿಯ ಪ್ರಕಾರ 1998ರಲ್ಲಿ ಇದರಿಂದ ಸಕ್ಕರೆ ಕೊಳ್ಳುವವರಿಗೆ ಬಿದ್ದ ಹೆಚ್ಚಿನ ಹೊರೆ ಸುಮಾರು 190 ಕೋಟಿ ಡಾಲರು, ಬೆಳೆಯುವವರಿಗೂ ಕಾರ್ಖಾನೆಯವರಿಗೂ ಆದ ಲಾಭ ಸುಮಾರು 100 ಕೋಟಿ ಡಾಲರು. ಆಗಿನ ಸುಮಾರು 27 ಕೋಟಿ ಜನಕ್ಕೆ ಹಂಚಿದರೆ ವರ್ಷಕ್ಕೆ ತಲಾ 7 ಡಾಲರು. ಏಳು ಡಾಲರಿಗೆ ಯಾರು ಬೀದಿಗೆ ಇಳೀತಾರೆ? ಆ ಕಡೆಯ ಕೆಲವೇ ಸಾವಿರ ಜನಕ್ಕೆ ಅದು ಬದುಕಿನ ಪ್ರಶ್ನೆ. ಅವರು ರಾಜಧಾನಿಯಲ್ಲಿ ಕಾಯಂ ಬಿಡಾರ ಹೂಡಿದರು.

ಅದು ರೈತರೇ ಗೆದ್ದ ಕಥೆ ತಾನೇ ಅಂತ ಖುಷಿಪಡುವ ಮೊದಲು ಇನ್ನೊಂದು ಅಂಕಿ ನೋಡಿ. ಅದೇ ತಪಾಸಣೆಯವರ ಹಿಂದಿನ ವರದಿಯಲ್ಲಿ, 1991ರ ಬೆಳೆಯ ಲೆಕ್ಕದಲ್ಲಿ, ಬೆಳೆಗಾರರಿಗೆ ಸಿಕ್ಕ ಲಾಭದಲ್ಲಿ ನೂರಕ್ಕೆ 42 ಪಾಲು ಹೋದದ್ದು ನೂರಕ್ಕೆ ಒಂದರಷ್ಟು ದೊಡ್ಡ ಫಾರಂಗಳಿಗೆ. ರೈತರ ಹೆಸರಿನಲ್ಲಿ ಬಂದದ್ದೆಲ್ಲ ರೈತರ ಮನೆಗೇ ಬಂದೀತು ಅಂತ ಇಲ್ಲ. ಗುಂಪಿನೊಳಗೂ ತೂಕದ ಲೆಕ್ಕ ಬೇರೆಯೇ ಇರುತ್ತದೆ.

ಮಸಯೋಶಿ ಹೊನ್ಮಾ, ಯೂಜಿರೊ ಹಯಾಮಿ ಎಂಬ ಜಪಾನಿನ ಇಬ್ಬರು ಅರ್ಥಶಾಸ್ತ್ರಜ್ಞರು 1986ರಲ್ಲಿ ಇನ್ನೊಂದು ಮಾದರಿ ಕಟ್ಟಿದರು. ಕೈಗಾರಿಕೆಯಲ್ಲಿ ಮುಂದುವರಿದ ದೇಶಗಳಲ್ಲಿ ರೈತನಿಗೆ ಸಿಗುವ ಬೆಲೆ ಹೊರಗಿನ ಬೆಲೆಗಿಂತ ಎಷ್ಟು ಮೇಲೆ ಅಂತ ಅಳೆದರು. ಕಂಡದ್ದೇನೆಂದರೆ, ದೇಶದ ಆರ್ಥಿಕತೆಯಲ್ಲಿ ಬೇಸಾಯದ ಪಾಲು ಕುಗ್ಗಿದಷ್ಟೂ ರೈತನಿಗೆ ಸಿಗುವ ರಕ್ಷಣೆ ಹಿಗ್ಗುತ್ತದೆ. ಕಾರಣ ಒಗಟಲ್ಲ. ರೈತರು ಕಡಿಮೆಯಿದ್ದಾಗ ಅವರಿಗೆ ಕೊಡುವ ಬೆಲೆಯ ಹೊರೆ ಉಳಿದ ಜನರ ಮೇಲೆ ತೆಳ್ಳಗೆ ಹರಡುತ್ತದೆ, ಊಟದ ಖರ್ಚು ಅವರ ಸಂಬಳದಲ್ಲಿ ಸಣ್ಣ ಭಾಗ. ರೈತರು ಹೆಚ್ಚಿದ್ದು ಉಳಿದವರು ಬಡವರಾಗಿದ್ದಾಗ ಅಕ್ಕಿ, ಬೇಳೆ, ಈರುಳ್ಳಿಯ ಬೆಲೆ ನಾಲ್ಕು ರೂಪಾಯಿ ಏರಿದರೂ ಪಟ್ಟಣದಲ್ಲಿ ಕೂಗು ಏಳುತ್ತದೆ, ಕಾರ್ಖಾನೆಯವನಿಗೆ ಕೂಲಿ ಏರಿಸಬೇಕಾದೀತು ಅನ್ನೋ ಭಯ ಹತ್ತುತ್ತದೆ. ಹಾಗಾಗಿ ನಮ್ಮ ಹೆಚ್ಚಿನ ತಲೆ ಎಣಿಕೆ ಬೆಲೆಯ ವಿಷಯದಲ್ಲಿ ಬಲವಲ್ಲ, ಅದೇ ಒಂದು ಭಾರ. ಈ ಕಹಿ ಸತ್ಯ ನುಂಗಿಕೊಂಡರೆ ಮಾತ್ರ ಮುಂದಿನ ದಾರಿ ಕಾಣುತ್ತದೆ.

ಈಗ ನಮ್ಮ ದೇಶದ ಇತ್ತೀಚಿನ ಇತಿಹಾಸವನ್ನು ಈ ತಕ್ಕಡಿಯ ಪಕ್ಕದಲ್ಲಿ ಇಟ್ಟು ನೋಡಿ. ಮೂರು ಕೃಷಿ ಕಾಯ್ದೆಗಳು 2020ರ ಜೂನ್ 5ರಂದು ಸುಗ್ರೀವಾಜ್ಞೆಯಾಗಿ ಬಂದವು, ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ನವೆಂಬರ್‌ನಿಂದ ರೈತರು ದೆಹಲಿಯ ಗಡಿಯಲ್ಲಿ ಚಳಿ, ಮಳೆ, ಬಿಸಿಲು ಎನ್ನದೆ ಒಂದು ವರ್ಷ ಕೂತರು. 2021ರ ನವೆಂಬರ್ 19ರಂದು ಪ್ರಧಾನಿ ಹಿಂತೆಗೆತ ಘೋಷಿಸಿದರು, ಅದೇ ತಿಂಗಳ 29ರಂದು ಸಂಸತ್ತು ಕಾಯ್ದೆಗಳನ್ನು ರದ್ದು ಮಾಡಿತು. ತಡೆಯುವ ಕೆಲಸದಲ್ಲಿ ಗೆದ್ದರು. ಆದರೆ ಅದೇ ರೈತರ ಇನ್ನೊಂದು ಬೇಡಿಕೆ, ಕನಿಷ್ಠ ಬೆಂಬಲ ಬೆಲೆಗೆ ಕಾನೂನಿನ ಖಾತರಿ, ಪಡೆಯುವ ಕೆಲಸ. ಡಿಸೆಂಬರ್‌ನಲ್ಲಿ ಡೇರೆ ಕಿತ್ತಾಗ ಅದು ಭರವಸೆಯ ಕಾಗದದಲ್ಲಿತ್ತು. 2022ರ ಜುಲೈನಲ್ಲಿ ಅದಕ್ಕೊಂದು ಸಮಿತಿ ಆಯಿತು. ಸಮಿತಿ ಆಯಿತು, ಕಾನೂನು ಆಗಲಿಲ್ಲ. ಅಷ್ಟೇ ಜನ, ಅದೇ ರಸ್ತೆ, ಅದೇ ತ್ಯಾಗ. ತಡೆಯೋದಕ್ಕೆ ಸಾಕಾದ ಬಲ ಪಡೆಯೋದಕ್ಕೆ ಸಾಲಲಿಲ್ಲ.

ಹಾಗೇ 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧ ಬಂತು. ಬಂದದ್ದು ಒಂದು ಅಧಿಸೂಚನೆಯಿಂದ, ಒಂದೇ ದಿನದಲ್ಲಿ. ತೆಗೆದದ್ದು 2024ರ ಮೇನಲ್ಲಿ, ಆಗಲೂ ನೂರಕ್ಕೆ 40 ಸುಂಕ ಹೇರಿ. ಅಷ್ಟರಲ್ಲಿ ಸಾಲ ಮಾಡಿ ಬೆಳೆದವನ ಬೆಳೆ ಮಂಡಿ ಸೇರಿ ಆಗಿತ್ತು. ಆ ಅಧಿಸೂಚನೆ ಬರುವ ಮೊದಲು ದೆಹಲಿಯ ಕೋಣೆಗಳಲ್ಲಿ ಯಾರು ಯಾರ ಜೊತೆ ಮಾತಾಡಿದರು ಅಂತ ನಮಗೆ ಗೊತ್ತೇ?

ಗೊತ್ತಾಗುವ ದಾರಿಯೇ ಇಲ್ಲ, ಇಲ್ಲಿದೆ ನೋಡಿ ವಿಷಯ. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ ಲಾಬಿಗಾರ ತನ್ನ ಹೆಸರು ನೋಂದಾಯಿಸಬೇಕು, ಯಾರ ಪರ, ಯಾವ ವಿಷಯಕ್ಕೆ, ಎಷ್ಟು ಖರ್ಚು ಅಂತ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಆ ಲೆಕ್ಕ ಊರಿಗೆಲ್ಲ ತೆರೆದಿರುತ್ತದೆ. ಅದರಲ್ಲೂ ತೂತುಗಳಿವೆ, ಆದರೂ ಅಷ್ಟಾದರೂ ಇರುವುದರಿಂದ ಇಂಥ ಅಧ್ಯಯನಗಳು ಆಗುತ್ತವೆ. ನಮ್ಮಲ್ಲಿ ಲಾಬಿಯನ್ನು ನೋಂದಣಿ ಮಾಡಿಸುವ ಕಾನೂನೇ ಬಂದಿಲ್ಲ. ಪಕ್ಷಗಳಿಗೆ ಯಾರು ದುಡ್ಡು ಕೊಟ್ಟರು ಅನ್ನೋದನ್ನು ಮುಚ್ಚಿಡುವ ಚುನಾವಣಾ ಬಾಂಡ್ ಯೋಜನೆ 2018ರಿಂದ ನಡೆಯಿತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನ ವಿರೋಧಿ ಅಂತ ಹೊಡೆದುಹಾಕಿದ ಮೇಲೆ, ಮಾರ್ಚ್‌ನಲ್ಲಿ, ಹೆಸರುಗಳು ಹೊರಗೆ ಬಂದವು. ಕತ್ತಲಲ್ಲಿ ತೂಗಿದ ತೂಕವನ್ನು ಯಾವ ಮಾದರಿಯೂ ಅಳೆಯಲಾರದು.

ಹಾಗಾದರೆ ನಾವು ಮಾಡಬೇಕಾದ್ದೇನು? ಎರಡು ಕೆಲಸ.

ಒಂದು, ಬೆಲೆ ಮತ್ತು ಸಾಲದ ಬೇಡಿಕೆಗಳ ಪಕ್ಕದಲ್ಲಿ ಇನ್ನೊಂದು ಬೇಡಿಕೆಯೂ ಕೂರಬೇಕು. ಆಮದು, ರಫ್ತು, ದಾಸ್ತಾನು, ಬೀಜ, ಗೊಬ್ಬರ, ವಿಮೆ ಇವುಗಳ ಬಗ್ಗೆ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಯಾರು, ಯಾವತ್ತು, ಏನು ಕೇಳಿಕೊಂಡು ಕಂಡರು ಅನ್ನೋದನ್ನು ಬರೆದು ಪ್ರಕಟಿಸಬೇಕು. ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ 2014ರಲ್ಲಿ ಕೇಂದ್ರವೇ ಒಂದು ನೀತಿ ಮಾಡಿದೆ. ಅದು ಬರೀ ನೀತಿ, ಕಾನೂನಲ್ಲ. ಅದನ್ನು ಕಾನೂನು ಮಾಡಿ ಅಂತ ಕೇಳಬೇಕು. ಅಲ್ಲಿಯವರೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ಒಂದೊಂದು ಅಧಿಸೂಚನೆಯ ಹಿಂದಿನ ಕಡತ ಕೇಳಿ ಅರ್ಜಿ ಹಾಕೋದಕ್ಕೆ ಹತ್ತು ರೂಪಾಯಿ ಸಾಕು. ಕೊಡಲಿ, ಕೊಡದಿರಲಿ, ಕೇಳಿದ ದಾಖಲೆ ಉಳಿಯುತ್ತದೆ.

ಎರಡು, ನಮ್ಮ ಲೆಕ್ಕವನ್ನು ನಾವೇ ಇಡಬೇಕು. ಪ್ರತಿ ತಾಲ್ಲೂಕಿನಲ್ಲಿ ಒಂದು ಪುಸ್ತಕ, ಐದು ಕಲಂ: ಏನು ಕೇಳಿದೆವು, ಯಾವತ್ತು ಕೇಳಿದೆವು, ಯಾರನ್ನು ಕೇಳಿದೆವು, ಅದಕ್ಕೆ ಅಡ್ಡ ನಿಂತವರು ಯಾರು, ನಾಲ್ಕು ವರ್ಷದೊಳಗೆ ಏನಾಯಿತು. ತಡೆದದ್ದು ಬೇರೆ, ಪಡೆದದ್ದು ಬೇರೆ ಅಂತ ಗುರುತು ಹಾಕಿ. ಮನವಿ ಕೊಟ್ಟು ಫೋಟೋ ತೆಗೆಸಿಕೊಂಡು ಬಂದದ್ದನ್ನು ಗೆಲುವಿನ ಕಲಂಗೆ ಬರೆಯಬೇಡಿ. ಆದೇಶದ ನಂಬರು ಬಂದಿದ್ದರೆ ಮಾತ್ರ ಬರೆಯಿರಿ. ಹೀಗೆ ಹತ್ತು ತಾಲ್ಲೂಕಿನ ಪುಸ್ತಕ ಒಟ್ಟಿಗೆ ಇಟ್ಟರೆ ನಮ್ಮ ಬಲ ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಅಂತ ಯಾವ ಪ್ರಾಧ್ಯಾಪಕರ ಸಹಾಯವಿಲ್ಲದೆ ಕಾಣಿಸುತ್ತದೆ. ಲೆಕ್ಕ ಬಲ್ಲ ಕಾಲೇಜು ಹುಡುಗರು ನಮ್ಮ ಮನೆಗಳಲ್ಲೇ ಇದ್ದಾರೆ, ಅವರ ಕೈಗೆ ಕೊಡಿ.

ಅಮೆರಿಕದ ಫಾರ್ಮ್ ಬ್ಯೂರೋ ಎಂಬ ರೈತ ಒಕ್ಕೂಟ 1919ರಲ್ಲಿ ಹುಟ್ಟಿತು. ಬರೀ ಭಾಷಣದಿಂದ ಅದು ಬೆಳೆಯಲಿಲ್ಲ ಅಂತ ಓಲ್ಸನ್ ತೋರಿಸಿದ್ದಾನೆ. ಸದಸ್ಯನಾದರೆ ಸಲಹೆ ಸಿಗುತ್ತದೆ, ವಿಮೆ ಸಿಗುತ್ತದೆ, ಸಹಕಾರಿ ವ್ಯಾಪಾರದ ಅನುಕೂಲ ಸಿಗುತ್ತದೆ ಅಂತ ದಿನನಿತ್ಯದ ಉಪಯೋಗದಿಂದ ಜನ ಕಟ್ಟಿಕೊಂಡರು. ಆ ಒಕ್ಕೂಟ ಯಾರ ಪರ ನಿಂತಿತು ಅನ್ನೋದು ಬೇರೆ ಚರ್ಚೆ. ಕಲಿಯಬೇಕಾದ್ದು ಇಷ್ಟು: ವರ್ಷಕ್ಕೊಂದು ಸಮಾವೇಶದ ಜನಸಾಗರ ತಲೆ ಎಣಿಕೆಗೆ ಬರುತ್ತದೆ, ವರ್ಷದ 365 ದಿನವೂ ಬಾಗಿಲಲ್ಲಿ ನಿಲ್ಲುವ ನಾಲ್ಕು ಜನ ತೂಕಕ್ಕೆ ಬರುತ್ತಾರೆ. ನಮಗೆ ಎರಡೂ ಬೇಕು. ಮೊದಲನೆಯದು ನಮ್ಮಲ್ಲಿ ಎಂದೂ ಕಡಿಮೆಯಾಗಿಲ್ಲ. ಎರಡನೆಯದನ್ನು ಕಟ್ಟಬೇಕು.

ಬರುವ ತಿಂಗಳ ಸಭೆಯಲ್ಲಿ ಪುಸ್ತಕ ತೆರೆಯಿರಿ. ಮೊದಲ ಸಾಲಿನಲ್ಲಿ ಕಳೆದ ಐದು ವರ್ಷದಲ್ಲಿ ನಿಮ್ಮ ತಾಲ್ಲೂಕು ಕೇಳಿದ ಒಂದೇ ಒಂದು ಬೇಡಿಕೆ ಬರೆಯಿರಿ, ಕೊನೆಯ ಕಲಂ ಖಾಲಿಯಿದ್ದರೂ ಪರವಾಗಿಲ್ಲ. ಖಾಲಿ ಅಂತ ಗೊತ್ತಾಗೋದೂ ಒಂದು ಲೆಕ್ಕವೇ.